ಬೇಸಿಗೆಯ ಮಾವಿನ ಹಣ್ಣಿನಿಂದ ಮನೆಯಲ್ಲಿಯೇ ಕಾಬ್ಲರ್ ತಯಾರಿಕೆ

ಪೀಠಿಕೆ

ಹೆಚ್ಚಿದ ಹಣ್ಣನ್ನು ಪಾತ್ರೆಯ ತಳದಲ್ಲಿ ಹರಡಿ, ಅದರ ಮೇಲೆ ಮೃದುವಾದ ಹಿಟ್ಟಿನ ಉಂಡೆಗಳನ್ನಿಟ್ಟು, ಒಣ ಶಾಖದಲ್ಲಿ ಬೇಯಿಸಿದ ಸಿಹಿ ತಿನಿಸಿಗೆ ಕಾಬ್ಲರ್ ಎಂದು ಹೆಸರು. ಅಮೆರಿಕದಲ್ಲಿ ಇದನ್ನು ಬೇಸಿಗೆಯಲ್ಲಿ ದೊರೆಯುವ ಪೀಚ್ ಹಣ್ಣಿನಿಂದ ತಯಾರಿಸುವುದು ರೂಢಿ. ಪೀಚ್ ಗಿಡವು ಹೂ ಬಿಡಲು ಚಳಿಗಾಲದಲ್ಲಿ ಸುಮಾರು 7 ಡಿಗ್ರಿ ಸೆ.ಗಿಂತ ಕಡಿಮೆ ಉಷ್ಣಾಂಶವನ್ನು ಅನೇಕ ಗಂಟೆಗಳ ಕಾಲ ಪಡೆಯಬೇಕಾಗುತ್ತದೆ. ಆದ್ದರಿಂದ ಅದು ಹಿಮಾಚಲ ಪ್ರದೇಶ, ಉತ್ತರಾಖಂಡ ಮುಂತಾದ ತಂಪು ಪ್ರದೇಶಗಳ ಬೆಳೆಯಾಗಿದ್ದು, ಬಾಗಲಕೋಟೆ ಜಿಲ್ಲೆಯ ಒಣ ಹವೆಗೆ ಹೊಂದುವುದಿಲ್ಲ. ಆದರೆ ಪೀಚ್ ಹಣ್ಣಿನ ಸ್ಥಾನವನ್ನು ನಮ್ಮ ಮಾವು ಸಮರ್ಥವಾಗಿ ತುಂಬಬಲ್ಲದು. ಮೇಲ್ಪದರಕ್ಕೆ ಹುನಗುಂದ, ಇಳಕಲ್ ಭಾಗದ ಕಪ್ಪುನೆಲದಲ್ಲಿ ಬೆಳೆಯುವ ಹಿಂಗಾರಿ ಜೋಳದ ಹಿಟ್ಟನ್ನೂ, ಸಿಹಿಗೆ ಮಹಾಲಿಂಗಪುರದ ಬೆಲ್ಲವನ್ನೂ ಬಳಸಬಹುದು.

ಮಾವಿನ ಕೊಯ್ಲು ಏಪ್ರಿಲ್‌ನಿಂದ ಜೂನ್‌ವರೆಗೆ ಒಮ್ಮೆಲೇ ಬರುತ್ತದೆ. ಗಾತ್ರ ಚಿಕ್ಕದಾದ, ಸಿಪ್ಪೆಯ ಮೇಲೆ ಸೊನೆಯ ಕಲೆ ಬಿದ್ದ ಅಥವಾ ಕೊಂಬೆಗೆ ಉಜ್ಜಿ ಗೀರಾದ ಹಣ್ಣನ್ನು ವ್ಯಾಪಾರಿಗಳು ವಿಂಗಡಿಸಿ ಬಿಟ್ಟುಹೋಗುತ್ತಾರೆ. ಒಳಗಿನ ತಿರುಳು ಉತ್ತಮವಾಗಿದ್ದರೂ ಇಂತಹ ಹಣ್ಣಿಗೆ ಬೆಲೆ ಸಿಗುವುದಿಲ್ಲ. ಮನೆಬಳಕೆಗೂ, ಮಹಿಳಾ ಸ್ವಸಹಾಯ ಸಂಘಗಳ ಸಣ್ಣ ಪ್ರಮಾಣದ ಮಾರಾಟಕ್ಕೂ ಈ ಹಣ್ಣನ್ನು ಬಳಸುವ ಒಂದು ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ತಳಿ ಮತ್ತು ಹಣ್ಣಿನ ಆಯ್ಕೆ

ಬೇಯಿಸಿದಾಗಲೂ ತುಂಡಾಗಿ ಉಳಿಯುವ, ನಾರು ಕಡಿಮೆ ಇರುವ ಹಣ್ಣು ಸೂಕ್ತ. ನೀಲಂ ಮತ್ತು ದಶೇರಿ ತಳಿಗಳ ಸಂಕರಣದಿಂದ ಬಂದ ಮಲ್ಲಿಕಾ ತಳಿಯ ತಿರುಳು ಗಟ್ಟಿಯಾಗಿದ್ದು, ಈ ತಿನಿಸಿಗೆ ಚೆನ್ನಾಗಿ ಒಪ್ಪುತ್ತದೆ. ತೋತಾಪುರಿಯೂ ಆಕಾರ ಕಳೆದುಕೊಳ್ಳುವುದಿಲ್ಲ. ಆದರೆ ಪರಿಮಳ ಕಡಿಮೆ. ಆಪೂಸ್ ಹಣ್ಣಿನ ಪರಿಮಳ ಶ್ರೇಷ್ಠವಾದರೂ ಪೂರ್ಣ ಮಾಗಿದಾಗ ಬೇಗನೆ ಕರಗುತ್ತದೆ. ಆದ್ದರಿಂದ ಎರಡು ಪಾಲು ತೋತಾಪುರಿಗೆ ಒಂದು ಪಾಲು ಆಪೂಸ್ ಸೇರಿಸುವುದು ಒಳ್ಳೆಯದು. ಆಪೂಸ್ ಹಣ್ಣಿನಲ್ಲಿ ಹೊರಗೆ ಕಾಣದ ಬೆಂಡುತಿರುಳಿನ ದೋಷ ಇರಬಹುದಾದ್ದರಿಂದ ಪ್ರತಿ ಹಣ್ಣನ್ನೂ ಕತ್ತರಿಸಿ ಪರೀಕ್ಷಿಸಿ, ಬಿಳುಪಾದ, ಹುಳಿ ವಾಸನೆಯ ಭಾಗವನ್ನು ತೆಗೆಯಬೇಕು.

ಹಣ್ಣು ಮುಕ್ಕಾಲು ಭಾಗ ಮಾಗಿರಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಸ್ವಲ್ಪವೇ ತಗ್ಗಬೇಕು. ಸಿಪ್ಪೆಯ ಮೇಲಿನ ಸೊನೆಕಲೆ ಮತ್ತು ಗೀರುಗಳಿಂದ ತೊಂದರೆಯಿಲ್ಲ. ಹಣ್ಣುನೊಣದ ಹುಳು ಇರುವ, ಕೊಳೆತ, ಬೂಷ್ಟು ಹಿಡಿದ ಹಣ್ಣನ್ನು ಮಾತ್ರ ಪೂರ್ತಿಯಾಗಿ ತ್ಯಜಿಸಬೇಕು. ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ಉಳಿದುದನ್ನು ಬಳಸುವುದು ಸರಿಯಲ್ಲ.

ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದನ್ನು ಕಾನೂನು ನಿಷೇಧಿಸಿದೆ. ಮನೆಮಟ್ಟದಲ್ಲಿ ಬಲಿತ ಕಾಯಿಗಳನ್ನು ಸಣ್ಣ ತೊಟ್ಟು ಉಳಿಸಿ ಕೊಯ್ದು, ಸೊನೆ ಸೋರಿದ ಮೇಲೆ ಒಣಹುಲ್ಲಿನ ನಡುವೆ ಒಂದೇ ಪದರದಲ್ಲಿ ಹರಡಿದರೆ ಸಾಮಾನ್ಯವಾಗಿ ಒಂದು ವಾರದೊಳಗೆ ಮಾಗುತ್ತವೆ.

ಬೇಕಾಗುವ ಸಾಮಗ್ರಿಗಳು (6 ರಿಂದ 8 ಜನರಿಗೆ)

ಹಣ್ಣಿನ ಪದರಕ್ಕೆ:
- ಸಿಪ್ಪೆ, ಓಟೆ ತೆಗೆದ ಮಾವಿನ ತುಂಡುಗಳು: 1 ಕೆ.ಜಿ. (ಇದಕ್ಕೆ ಸುಮಾರು 1.6 ಕೆ.ಜಿ. ಇಡೀ ಹಣ್ಣು ಬೇಕು)
- ಬೆಲ್ಲದ ಪುಡಿ ಅಥವಾ ಸಕ್ಕರೆ: 80 ಗ್ರಾಂ
- ನಿಂಬೆರಸ: 2 ಚಮಚ
- ಕಾರ್ನ್‌ಫ್ಲೋರ್: 15 ಗ್ರಾಂ
- ಏಲಕ್ಕಿ ಪುಡಿ: ಅರ್ಧ ಚಮಚ, ಉಪ್ಪು: ಒಂದು ಚಿಟಿಕೆ

ಮೇಲ್ಪದರಕ್ಕೆ:
- ಮೈದಾ ಅಥವಾ ನುಣ್ಣಗಿನ ಗೋಧಿ ಹಿಟ್ಟು: 100 ಗ್ರಾಂ
- ಹೊಸದಾಗಿ ಬೀಸಿದ ಜೋಳದ ಹಿಟ್ಟು: 50 ಗ್ರಾಂ
- ತಣ್ಣಗಿನ ಬೆಣ್ಣೆ: 60 ಗ್ರಾಂ
- ಸಕ್ಕರೆ: 40 ಗ್ರಾಂ
- ಗಟ್ಟಿ ಮೊಸರು: 100 ಮಿ.ಲೀ.
- ಬೇಕಿಂಗ್ ಪೌಡರ್: 1 ಚಮಚ, ಅಡುಗೆ ಸೋಡಾ: ಕಾಲು ಚಮಚ, ಉಪ್ಪು: ಒಂದು ಚಿಟಿಕೆ

ಇಲ್ಲಿ ಚಮಚ ಎಂದರೆ 5 ಮಿ.ಲೀ. ಅಳತೆಯ ಚಹಾ ಚಮಚ.

ತಯಾರಿಸುವ ವಿಧಾನ

1. ಹಣ್ಣನ್ನು ಕುಡಿಯಲು ಯೋಗ್ಯವಾದ ನೀರಿನಲ್ಲಿ ತೊಳೆದು, ಒರೆಸಿ, ಸಿಪ್ಪೆ ತೆಗೆದು, ಒಂದು ಅಂಗುಲದ ತುಂಡುಗಳಾಗಿ ಹೆಚ್ಚಬೇಕು.

2. ಜೋಳದ ಹಿಟ್ಟನ್ನು ಮೊಸರಿನಲ್ಲಿ ಕಲಸಿ 15 ನಿಮಿಷ ನೆನೆಯಲು ಬಿಡಬೇಕು. ಜೋಳದಲ್ಲಿ ಗೋಧಿಯಲ್ಲಿರುವಂತಹ ಅಂಟು ಇಲ್ಲ. ರೊಟ್ಟಿಗೆ ಹಿಟ್ಟು ನಾದುವಾಗ ಕುದಿನೀರು ಹಾಕುವುದು ಇದೇ ಕಾರಣಕ್ಕೆ. ಇಲ್ಲಿ ಗೋಧಿಯ ಹಿಟ್ಟೇ ಹಿಡಿತ ಕೊಡುವುದರಿಂದ ಕುದಿನೀರು ಬೇಡ. ಆದರೆ ನೆನೆಸದಿದ್ದರೆ ಬೆಂದ ಮೇಲೂ ಹಿಟ್ಟು ಮರಳಿನಂತೆ ಹಲ್ಲಿಗೆ ಸಿಗುತ್ತದೆ.

3. ಓವನ್ನನ್ನು 190 ಡಿಗ್ರಿ ಸೆ.ಗೆ ಕಾಯಿಸಲು ಇಡಬೇಕು.

4. ಹಣ್ಣಿನ ತುಂಡುಗಳಿಗೆ ಬೆಲ್ಲ, ನಿಂಬೆರಸ, ಉಪ್ಪು, ಕಾರ್ನ್‌ಫ್ಲೋರ್ ಸೇರಿಸಿ, ಸ್ಟೀಲ್ ಪಾತ್ರೆಯಲ್ಲಿ ಮಧ್ಯಮ ಉರಿಯ ಮೇಲೆ ರಸ ಕುದಿದು ಗಟ್ಟಿಯಾಗತೊಡಗುವವರೆಗೆ, ಅಂದರೆ 4 ರಿಂದ 5 ನಿಮಿಷ, ಮೃದುವಾಗಿ ತಿರುವಬೇಕು. ಕೆಳಗಿಳಿಸಿ ಏಲಕ್ಕಿ ಪುಡಿ ಬೆರೆಸಬೇಕು.

5. ಮೈದಾ, ಸಕ್ಕರೆ, ಉಪ್ಪು, ಬೇಕಿಂಗ್ ಪೌಡರ್ ಮತ್ತು ಸೋಡಾವನ್ನು ಜರಡಿ ಹಿಡಿದು, ತಣ್ಣಗಿನ ಬೆಣ್ಣೆಯನ್ನು ಬೆರಳ ತುದಿಯಿಂದ ಉಜ್ಜಿ ರವೆಯಂತೆ ಮಾಡಬೇಕು. ನೆನೆದ ಜೋಳದ ಮಿಶ್ರಣವನ್ನು ಇದಕ್ಕೆ ಸೇರಿಸಿ ಒಂದುಗೂಡುವಷ್ಟು ಮಾತ್ರ ಕಲಸಬೇಕು. ಹಿಟ್ಟು ಬಿಗಿಯಾದರೆ ಒಂದೆರಡು ಚಮಚ ಹಾಲು ಹಾಕಬಹುದು. ಚಪಾತಿ ಹಿಟ್ಟಿನಂತೆ ನಾದಬಾರದು; ನಾದಿದರೆ ಮೇಲ್ಪದರ ಗಡುಸಾಗುತ್ತದೆ.

6. ಬೆಣ್ಣೆ ಸವರಿದ, ಸುಮಾರು 22 ಸೆಂ.ಮೀ. ಅಗಲ ಮತ್ತು 5 ಸೆಂ.ಮೀ. ಆಳದ ಪಾತ್ರೆಗೆ ಬಿಸಿ ಹಣ್ಣನ್ನು ಸುರಿದು, ಹಿಟ್ಟನ್ನು ಚಮಚದಿಂದ ಅಲ್ಲಲ್ಲಿ ಇಡಬೇಕು. ಉಂಡೆಗಳ ನಡುವೆ ಆವಿ ಹೊರಬರಲು ಸಂದು ಇರಲಿ.

7. ಕಾದ ಓವನ್‌ನಲ್ಲಿ 30 ರಿಂದ 35 ನಿಮಿಷ ಬೇಯಿಸಬೇಕು. ಮೇಲ್ಪದರ ಹೊಂಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಹಣ್ಣಿನ ರಸ ದಪ್ಪ ಗುಳ್ಳೆಗಳಾಗಿ ಕುದಿಯುತ್ತಿರಬೇಕು. ನಡುವಿನ ಉಂಡೆಗೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟಬಾರದು. ರಸ ಗಟ್ಟಿಯಾಗಲು 20 ನಿಮಿಷ ಆರಿಸಿ ಬಡಿಸಬೇಕು.

ಓವನ್ ಇಲ್ಲದ ಮನೆಗಳಲ್ಲಿ

ದಪ್ಪ ತಳದ ಅಗಲ ಪಾತ್ರೆಯಲ್ಲಿ ಎರಡು ಬೆರಳು ದಪ್ಪ ತೊಳೆದೊಣಗಿಸಿದ ಮರಳು ಅಥವಾ ಹರಳುಪ್ಪು ಹರಡಿ, ನಡುವೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಳ ಹಾಕಿ ಮಧ್ಯಮ ಉರಿಯಲ್ಲಿ 10 ರಿಂದ 15 ನಿಮಿಷ ಕಾಯಿಸಬೇಕು. ಅನಂತರ ತಿನಿಸಿನ ಪಾತ್ರೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 45 ರಿಂದ 55 ನಿಮಿಷ ಬೇಯಿಸಬೇಕು. ಈ ವಿಧಾನದಲ್ಲಿ ಮೇಲ್ಭಾಗ ಬೆಂದರೂ ಬಣ್ಣ ಬರುವುದಿಲ್ಲ. ಕೊನೆಯಲ್ಲಿ ಮುಚ್ಚಳ ತೆಗೆದು, ಚೆನ್ನಾಗಿ ಕಾದ ರೊಟ್ಟಿ ಹಂಚನ್ನು ಪಾತ್ರೆಯ ಬಾಯಿಗೆ ಐದು ನಿಮಿಷ ಮುಚ್ಚಿದರೆ ಮೇಲಿನಿಂದ ಶಾಖ ತಗುಲಿ ಹೊಂಬಣ್ಣ ಬರುತ್ತದೆ. ಹಂಚನ್ನು ಇಕ್ಕಳದಿಂದಲೇ ಹಿಡಿಯಬೇಕು; ಮಕ್ಕಳನ್ನು ದೂರವಿರಿಸಬೇಕು.

ಸಾಮಾನ್ಯ ದೋಷಗಳು ಮತ್ತು ಪರಿಹಾರ

- ತಳದಲ್ಲಿ ನೀರು ನಿಲ್ಲುವುದು: ಹಣ್ಣು ಅತಿಯಾಗಿ ಮಾಗಿದೆ ಅಥವಾ ಕಾರ್ನ್‌ಫ್ಲೋರ್ ಕುದಿಯುವ ಹಂತ ತಲುಪಿಲ್ಲ. ರಸ ಗುಳ್ಳೆಯಾಗಿ ಕುದಿಯುವವರೆಗೆ ಬೇಯಿಸಬೇಕು.
- ಉಂಡೆಗಳ ಅಡಿಭಾಗ ಹಸಿಯಾಗಿ ಉಳಿಯುವುದು: ಹಣ್ಣು ತಣ್ಣಗಿರುವಾಗ ಹಿಟ್ಟು ಇಡಲಾಗಿದೆ. ಹಣ್ಣು ಬಿಸಿಯಾಗಿರುವಾಗಲೇ ಇಡಬೇಕು.
- ಮೇಲ್ಪದರ ಪುಡಿಯಾಗುವುದು: ಜೋಳದ ಪ್ರಮಾಣ ಹೆಚ್ಚಾಗಿದೆ. ಒಟ್ಟು ಹಿಟ್ಟಿನ ಮೂರನೇ ಒಂದು ಭಾಗವನ್ನು ಮೀರಬಾರದು.
- ರುಚಿ ಬರೀ ಸಿಹಿಯಾಗುವುದು: ಪೀಚ್‌ನಲ್ಲಿ ಸಹಜವಾಗಿರುವ ಹುಳಿ ಪೂರ್ಣ ಮಾಗಿದ ಮಾವಿನಲ್ಲಿ ಇರುವುದಿಲ್ಲ. ನಿಂಬೆರಸ ಬಿಡಬಾರದು.

ಇತರ ಹಣ್ಣುಗಳ ಬಳಕೆ

ಚಿಕ್ಕು ಹಣ್ಣಿನಲ್ಲಿ ಹುಳಿ ತೀರ ಕಡಿಮೆ. ಬೆಲ್ಲವನ್ನು ಅರ್ಧಕ್ಕಿಳಿಸಿ ನಿಂಬೆರಸವನ್ನು ಇಮ್ಮಡಿಗೊಳಿಸಬೇಕು. ಪೇರಲ ಹಣ್ಣಿನ ಬೀಜದ ಭಾಗ ತೆಗೆದು ಹೊರ ತಿರುಳನ್ನಷ್ಟೇ ಬಳಸಬೇಕು. ಬೀಜರಹಿತ ದ್ರಾಕ್ಷಿ ಹೆಚ್ಚು ರಸ ಬಿಡುವುದರಿಂದ ಕಾರ್ನ್‌ಫ್ಲೋರ್ ಪ್ರಮಾಣವನ್ನು 25 ಗ್ರಾಂಗೆ ಏರಿಸಬೇಕು. ಜಿಲ್ಲೆಯ ಪ್ರಮುಖ ಬೆಳೆಯಾದ ದಾಳಿಂಬೆ ಈ ತಿನಿಸಿಗೆ ಸೂಕ್ತವಲ್ಲ. ಕಾಳಿನ ರಸ ಬತ್ತಿ ಬೀಜ ಗಟ್ಟಿಯಾಗಿ ಉಳಿಯುತ್ತದೆ.

ಶೇಖರಣೆ ಮತ್ತು ಸುರಕ್ಷತೆ

ನಮ್ಮ ಬೇಸಿಗೆಯ ಉಷ್ಣಾಂಶದಲ್ಲಿ ಈ ತಿನಿಸನ್ನು ತಯಾರಿಸಿದ ದಿನವೇ, ಸಾಧ್ಯವಾದಷ್ಟು ಬೇಗ ಬಳಸಬೇಕು. ಆರಿದ ಕೂಡಲೇ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಉಳಿಯುತ್ತದೆ. ತಿನ್ನುವ ಮೊದಲು ಚೆನ್ನಾಗಿ ಬಿಸಿ ಮಾಡಬೇಕು. ಹಂಗಾಮು ಮುಗಿದ ಮೇಲೂ ತಯಾರಿಸಬೇಕೆಂದರೆ, ನಿಂಬೆರಸ ಬೆರೆಸಿದ ಮಾವಿನ ತುಂಡುಗಳನ್ನು ಗಾಳಿಯಾಡದ ಚೀಲದಲ್ಲಿ ತುಂಬಿ ಮೈನಸ್ 18 ಡಿಗ್ರಿ ಸೆ.ನಲ್ಲಿ ಕಾಯ್ದಿಡಬಹುದು. ಕುದಿಸಿದ ಹಣ್ಣನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದ ಮಾತ್ರಕ್ಕೆ ಅದು ಕೆಡದೆ ಉಳಿಯುವುದಿಲ್ಲ. ಸರಿಯಾದ ಸಂಸ್ಕರಣೆಯ ತರಬೇತಿ ಇಲ್ಲದೆ ಹಾಗೆ ಮಾಡಬಾರದು. ಮಧುಮೇಹಿಗಳು ಬೆಲ್ಲ ಬಳಸಿದ ಮಾತ್ರಕ್ಕೆ ಇದನ್ನು ನಿರಪಾಯಕಾರಿ ಎಂದು ಭಾವಿಸಬಾರದು.

ಮಾರಾಟ ಮಾಡುವವರಿಗೆ ಸೂಚನೆ

ಬಾದಾಮಿಯ ಬನಶಂಕರಿಯಲ್ಲಿ ಮಹಿಳೆಯರು ಬುಟ್ಟಿಯಲ್ಲಿ ತಂದ ರೊಟ್ಟಿ, ಚಟ್ನಿ, ಮೊಸರನ್ನು ಯಾತ್ರಿಕರಿಗೆ ಬಡಿಸುತ್ತಾರೆ. ಮನೆಯ ಅಡುಗೆಗೆ ಬೇಡಿಕೆ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ತಿನಿಸನ್ನು ನಿಯಮಿತವಾಗಿ ಮಾರುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ನೋಂದಣಿ ಪಡೆಯಬೇಕು. ಪೊಟ್ಟಣ ಕಟ್ಟಿದರೆ ಸಾಮಗ್ರಿಗಳು, ತೂಕ, ತಯಾರಿಸಿದ ಮತ್ತು ಬಳಕೆಯ ಕೊನೆಯ ದಿನಾಂಕವನ್ನು ನಮೂದಿಸಬೇಕು. ದರ ನಿಗದಿಪಡಿಸುವಾಗ ಮನೆಯ ಹಣ್ಣು, ಬೆಣ್ಣೆ ಮತ್ತು ಮನೆಯವರ ದುಡಿಮೆಗೂ ಬೆಲೆ ಕಟ್ಟಬೇಕು. ಇವನ್ನು ಬಿಟ್ಟು ಲೆಕ್ಕ ಹಾಕಿದರೆ ಕಾಣುವ ಲಾಭ ನಿಜವಾದ ಲಾಭವಲ್ಲ.

ವಿಸ್ತರಣಾ ಕಾರ್ಯಕರ್ತರು ಒಂದು ಅಂಶವನ್ನು ರೈತರಿಗೆ ಸ್ಪಷ್ಟಪಡಿಸಬೇಕು. ಒಂದು ಒಲೆಯಿಂದ ದಿನಕ್ಕೆ ಕೆಲವೇ ಕೆ.ಜಿ. ಹಣ್ಣು ಬಳಕೆಯಾಗುತ್ತದೆ. ಕ್ವಿಂಟಲ್‌ಗಟ್ಟಲೆ ಉಳಿಯುವ ಹಣ್ಣಿಗೆ ತಿರುಳು ಸಂಸ್ಕರಣೆ ಅಥವಾ ಒಣಗಿಸಿದ ಮಾವಿನ ಹಾಳೆಯಂತಹ ವಿಧಾನಗಳೇ ಸೂಕ್ತ. ಕಾಬ್ಲರ್ ತಯಾರಿಕೆಯನ್ನು ಮೌಲ್ಯವರ್ಧನೆಯ ಮೊದಲ ಪಾಠವೆಂದು ಪರಿಗಣಿಸಿ, ಮೊದಲು ಮನೆಯವರಿಗೆ, ಅನಂತರ ನೆರೆಹೊರೆಯವರಿಗೆ ಉಣಬಡಿಸಿ, ಅವರ ಅಭಿಪ್ರಾಯ ಪಡೆದು ಮುಂದುವರಿಯುವುದು ಲೇಸು. ಹೆಚ್ಚಿನ ಮಾಹಿತಿಗಾಗಿ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.