ಹೊಗೆಕೊಳವೆಯ ಪಕ್ಕದ ನಡುಗೋಡೆ: ರಾಣೆಬೆನ್ನೂರು ಸೀಮೆಯ ಮಾಳಿಗೆ ಮನೆಗಳನ್ನು ಕುರಿತು

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಸೀಮೆಯ ಹಳೆಯ ಮಾಳಿಗೆ ಮನೆಗಳೊಳಗೆ ಹೊಸ ಗೋಡೆ ಏಳುವುದು ಸಾಮಾನ್ಯವಾಗಿ ಅಣ್ಣತಮ್ಮಂದಿರ ನಡುವೆ ವಾಟ್ನಿ, ಅಂದರೆ ಮನೆಯ ಪಾಲು, ಆದಾಗ, ಇಲ್ಲವೆ ಅಡುಗೆಮನೆಯನ್ನು ನಡುಮನೆಯಿಂದ ಬೇರ್ಪಡಿಸಬೇಕೆನಿಸಿದಾಗ. ಎರಡೂ ಸಂದರ್ಭಗಳಲ್ಲಿ ಗೋಡೆಯ ಗೆರೆ ಒಲೆಯ ಮಗ್ಗುಲಿಗೆ ಬರುವುದುಂಟು. ಆಗ ಹೊಗೆಕೊಳವೆಗೆ ಆತುಕೊಂಡೇ ಇಟ್ಟಂಗಿ ಏರಿಸಿದರೆ ಜಾಗ ಉಳಿಯುತ್ತದೆ, ಗೋಡೆಗೂ ಆಸರೆ ಸಿಗುತ್ತದೆ ಎಂಬ ಲೆಕ್ಕಾಚಾರ ಹುಟ್ಟುತ್ತದೆ. ಈ ಲೆಕ್ಕಾಚಾರ ತಪ್ಪು. ಗೋಡೆಯೂ ಕೊಳವೆಯೂ ಒಂದನ್ನೊಂದು ಮುಟ್ಟದೆ, ತಮ್ಮ ತಮ್ಮ ಪಾಯದ ಮೇಲೆ ನಿಲ್ಲಬೇಕು ಎಂಬುದು ಈ ಲೇಖನದ ವಾದ.

ಮೊದಲು ಈ ಮನೆಗಳಲ್ಲಿ ಕೊಳವೆ ಬಂದ ಬಗೆಯನ್ನು ಗಮನಿಸಬೇಕು. ಕಂಬ, ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ: ಇದು ಮಾಳಿಗೆಯ ಕಟ್ಟೋಣ. ಒಲೆಯ ಹೊಗೆ ಬೆಳಕಿಂಡಿಯಿಂದ ಹೊರಹೋಗುತ್ತಿತ್ತು; ಹೋಗದೆ ಉಳಿದದ್ದು ಹೆಣ್ಣುಮಕ್ಕಳ ಎದೆಗೆ ಇಳಿಯುತ್ತಿತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮುಂದೆ ಮೂರು ಪಾತ್ರೆಗಳ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. 1983ರಲ್ಲಿ ಮೊದಲಾಗಿ 2002ರವರೆಗೆ ನಡೆದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು ಹೊಗೆಕೊಳವೆಯ ಒಲೆಗಳನ್ನು ದೇಶದ ಹಳ್ಳಿಗಳಿಗೆ ಒಯ್ದಿತು. ಅಂದರೆ ಮಾಳಿಗೆ ಮನೆಯಲ್ಲಿ ಕೊಳವೆ ತಡವಾಗಿ ಬಂದದ್ದು. ಜಂತಿಗಳ ಹಂಚಿಕೆ ಅದಕ್ಕಿಂತ ಹಳೆಯದು. ಅವುಗಳ ನಡುವಿನ ಸಂದಿಯಲ್ಲೇ ಕೊಳವೆ ಮೇಲೇರಬೇಕಾಯಿತು.

ಅಪಾಯದ ಮೂಲ ಇಲ್ಲಿದೆ. ಕಟ್ಟಿಗೆ ಥಟ್ಟನೆ ಹೊತ್ತಿಕೊಳ್ಳಲು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ಅದಕ್ಕಿಂತ ಕಡಿಮೆ ಶಾಖ ವರ್ಷಗಟ್ಟಲೆ ತಾಗುತ್ತಿದ್ದರೆ ಜಂತಿಯ ತುದಿ ಒಳಗೊಳಗೇ ಇದ್ದಿಲಾಗುತ್ತ ಹೋಗುತ್ತದೆ. ಇದ್ದಿಲಾದ ಮರಕ್ಕೆ ಬೆಂಕಿ ಬೇಗ ತಗಲುತ್ತದೆ. ಎಷ್ಟು ಶಾಖದಿಂದ ಈ ಕ್ರಿಯೆ ಅಪಾಯಕಾರಿ ಆಗುತ್ತದೆ ಎಂಬಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಆದ್ದರಿಂದಲೇ ಕಟ್ಟಡ ಸಂಹಿತೆಗಳು ಅಂತರವನ್ನು ನಂಬುತ್ತವೆ. ಅಮೆರಿಕದ ನಿಯಮದಂತೆ ಮನೆಯೊಳಗಿನ ಇಟ್ಟಂಗಿ ಚಿಮಣಿಗೂ ಮರಕ್ಕೂ ನಡುವೆ 2 ಅಂಗುಲ ತೆರಪು ಇರಬೇಕು. ಬ್ರಿಟನ್ನಿನಲ್ಲಿ ಚಿಮಣಿಯ ಹೊರಮೈಯಿಂದ 40 ಮಿ.ಮೀ., ಇಲ್ಲವೆ ಹೊಗೆದಾರಿಯ ಒಳಮೈಯಿಂದ 200 ಮಿ.ಮೀ. ನಮ್ಮಲ್ಲಿಯೂ ಚಿಮಣಿ, ಒಲೆಗಳ ಅಗ್ನಿಸುರಕ್ಷೆಗೆಂದೇ 1960ರ ಐ.ಎಸ್. 1645 ಸಂಹಿತೆ ಇದೆ. ಈ ಅಂತರಗಳು ಇಟ್ಟಂಗಿ ಚಿಮಣಿಗೆ ಸಂಬಂಧಿಸಿದವು. ಬರಿಯ ತಗಡಿನ ಕೊಳವೆಗೆ ಇವು ಸಾಲವು. ಅಮೆರಿಕದಲ್ಲಿ ಅದಕ್ಕೆ 18 ಅಂಗುಲ ಬಿಡುತ್ತಾರೆ. ಹೊಸ ಗೋಡೆ ಇಟ್ಟಂಗಿಯದೇ ಆದರೂ ನಿಶ್ಚಿಂತೆಯಿಲ್ಲ. ಕೊಳವೆಗೆ ತಾಗಿದ ಇಟ್ಟಂಗಿ ಶಾಖವನ್ನು ತನ್ನೊಳಗೆ ಹೂತ ತೊಲೆಗೆ ಮುಟ್ಟಿಸುತ್ತದೆ. ಇಟ್ಟಂಗಿಯ ಬದಲು ಬಳಸುವ ಜಿಪ್ಸಮ್ ಹಲಗೆಯಲ್ಲಿ ತೂಕದ ಐದನೆಯ ಒಂದು ಭಾಗದಷ್ಟು ನೀರು ಅಡಗಿರುವುದರಿಂದ ಅದು ಅಲ್ಪಕಾಲದ ಬೆಂಕಿಯನ್ನು ತಡೆಯುತ್ತದೆ. ದಿನನಿತ್ಯ ಕಾಯುತ್ತಿದ್ದರೆ ಆ ನೀರು ಹೋಗಿ ಹಲಗೆ ಪುಡಿಯಾಗತೊಡಗುತ್ತದೆ. ಪ್ಲೈವುಡ್, ಪಿವಿಸಿ ಹಲಗೆಗಳನ್ನಂತೂ ಒಲೆಯ ಬಳಿ ತರಲೇಬಾರದು.

ಹಿಗ್ಗುವಿಕೆಯ ಲೆಕ್ಕವೂ ಇದೆ. 3 ಮೀಟರ್ ಉದ್ದದ ಉಕ್ಕಿನ ಕೊಳವೆ 200 ಡಿಗ್ರಿಯಷ್ಟು ಕಾದರೆ ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ಅದನ್ನು ಗಿಲಾವಿನಲ್ಲಿ ಹೂತರೆ ಗಿಲಾವು ಸೀಳುತ್ತದೆ. ಇದಕ್ಕೆ ಈ ಸೀಮೆಯ ಎರಿ ಮಣ್ಣು ಇನ್ನೊಂದು ಕಾರಣವನ್ನು ಕೂಡಿಸುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ನೆಲದಲ್ಲಿ, ಆಳದ ಪಾಯವಿಲ್ಲದ ಒಳಗೋಡೆ ಒಂದು ಕಡೆ ಸರಿಯುತ್ತದೆ, ಒಲೆಕಟ್ಟೆಯ ಮೇಲಿನ ಕೊಳವೆ ಇನ್ನೊಂದು ಕಡೆ. ಎರಡನ್ನೂ ಗಾರೆಯಿಂದ ಬೆಸೆದಿದ್ದರೆ ಬಿರುಕು ಬೀಳುವುದು ಕೊಳವೆಯ ಮೈಗೇ. ಆ ಬಿರುಕಿನಿಂದ ಕಿಡಿಯೂ, ಬಣ್ಣ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡೂ ಒಳಬರುತ್ತವೆ. ಅಗ್ನಿಯ ಚರ್ಚೆಯಲ್ಲಿ ಮಣ್ಣನ್ನು ಮರೆಯುವುದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಕಲ್ನಾರು ಸಿಮೆಂಟಿನ ಕೊಳವೆಗಳ ವಿಷಯ ಬೇರೆಯೇ. ಅನೇಕ ಹೊಗೆರಹಿತ ಒಲೆಗಳಿಗೆ ಇವನ್ನೇ ಕೂಡಿಸಲಾಗಿತ್ತು. ಕಲ್ನಾರು ಕ್ಯಾನ್ಸರ್‌ಕಾರಕ. ಗೌಂಡಿಗಳು ಅದನ್ನು ಗರಗಸದಿಂದ ಕೊಯ್ಯಬಾರದು, ಗೋಡೆಗೆ ಕಟ್ಟಲು ತೂತು ಕೊರೆಯಬಾರದು.

ಇನ್ನು ಗಾಳಿ. ನಡುಗೋಡೆ ಬೆಳಕಿಂಡಿಯನ್ನು ಅತ್ತ ಕಡೆಗೆ ಕೊಟ್ಟು ಒಲೆಯನ್ನು ಇತ್ತ ಕಡೆಗೆ ಉಳಿಸಿದರೆ ಒಲೆಗೆ ಉಸಿರು ಸಾಲದು, ಹೊಗೆ ಹಿಂದಿರುಗುತ್ತದೆ. ಹತ್ತಿಕಟ್ಟಿಗೆ, ಗೋವಿನಜೋಳದ ಬೆಂಡು ಒಣಗಿದ್ದಾಗ ಧಗಧಗನೆ ಉರಿಯುತ್ತವೆ; ಮಳೆಗಾಲದಲ್ಲಿ ಹಸಿಯಾಗಿದ್ದಾಗ ಹೊಗೆಯಾಡಿ ಕೊಳವೆಯ ಒಳಮೈಗೆ ಟಾರಿನಂಥ ಕರಿ ಅಂಟಿಸುತ್ತವೆ. ಅದಕ್ಕೆ ಬೆಂಕಿ ಹತ್ತಿದರೆ ಶಾಖ 1000 ಡಿಗ್ರಿಯವರೆಗೂ ಏರಬಲ್ಲದು.

ಹೀಗಾಗಿ ಇಟ್ಟಂಗಿ ಚಿಮಣಿಯ ಸುತ್ತ ಕನಿಷ್ಠ 2 ಅಂಗುಲ ತೆರಪು ಬಿಡಬೇಕು. ಅದರೊಳಗೆ ಗಾರೆ, ಉಸುಕು, ಚಿಂದಿ ತುರುಕಬಾರದು. ಮಾಳಿಗೆಯ ಮಟ್ಟದಲ್ಲಿ ಮಾತ್ರ ಉರಿಯದ ತಗಡಿನಿಂದ ಮುಚ್ಚಬೇಕು. ಕರಿ ತೆಗೆಯುವ ಬಾಗಿಲು ಗೋಡೆಯ ಹಿಂದೆ ಮುಚ್ಚಿಹೋಗಬಾರದು. ವಾಟ್ನಿ ಪತ್ರ ಬರೆಸುವ ಮನೆತನಗಳಲ್ಲಿ ಒಂದು ವಿನಂತಿ: ದಾರಿ, ಬಾವಿ, ಬಚ್ಚಲ ನೀರಿನ ಹಕ್ಕುಗಳ ಜೊತೆಗೆ, ಹೊಗೆಕೊಳವೆಯನ್ನು ವರ್ಷಕ್ಕೊಮ್ಮೆ ಶುಚಿಮಾಡಲು ಎರಡೂ ಪಾಲಿನವರಿಗೆ ಪ್ರವೇಶದ ಹಕ್ಕನ್ನೂ ಅದರಲ್ಲಿ ಬರೆಸಿಕೊಳ್ಳಿ.