ಪೊಂಟೆವೆದ್ರಾದ ಬೀದಿಗಳು: ವೈದ್ಯರೊಬ್ಬರು ಮೇಯರ್ ಆದ ಮೇಲೆ

ಹೊರಸೂಸುವ ಹಸಿರುಮನೆ ಅನಿಲಗಳನ್ನು ಆದಷ್ಟು ತಗ್ಗಿಸಿ, ಉಳಿದುದನ್ನು ಕಾಡು, ಮಣ್ಣು ಮುಂತಾದವು ಹೀರಿಕೊಳ್ಳುವಷ್ಟಕ್ಕೆ ಇಳಿಸಿದ ಊರನ್ನು ಹವಾಮಾನ-ತಟಸ್ಥ ನಗರ ಎನ್ನುತ್ತಾರೆ. 2030ರೊಳಗೆ ಈ ಗುರಿ ಮುಟ್ಟಲೆಂದು ಯುರೋಪಿಯನ್ ಒಕ್ಕೂಟವು 2022ರಲ್ಲಿ ತನ್ನೊಳಗಿನ 100 ಮತ್ತು ಹೊರಗಿನ 12 ನಗರಗಳನ್ನು ಆರಿಸಿತು. ಸ್ಪೇನಿನ ಪೊಂಟೆವೆದ್ರಾ ಆ ಪಟ್ಟಿಯಲ್ಲಿಲ್ಲ. ಆದರೂ ಸಂಚಾರದ ಮಟ್ಟಿಗೆ ನಾನು ಮೊದಲು ಹೆಸರಿಸುವುದು ಆ ಊರನ್ನೇ.

ಗಲಿಸಿಯಾ ಪ್ರದೇಶದ ಈ ಊರಿನ ಜನಸಂಖ್ಯೆ ಸುಮಾರು 83,000. 1999ರಲ್ಲಿ ಇಲ್ಲಿ ಮೇಯರ್ ಆದ ಮಿಗೆಲ್ ಆಂಶೊ ಫೆರ್ನಾಂಡೆಸ್ ಲೋರೆಸ್ ವೃತ್ತಿಯಿಂದ ವೈದ್ಯರು. ಅವರ ಆಡಳಿತ ಅದೇ ವರ್ಷ ಹಳೆಯ ಪೇಟೆಯ ಸುಮಾರು ಮೂರು ಲಕ್ಷ ಚದರ ಮೀಟರ್ ಜಾಗವನ್ನು ನಡೆಯುವವರಿಗೆ ಬಿಟ್ಟುಕೊಟ್ಟಿತು.

ಅವರ ಕ್ರಮದಲ್ಲಿ ನನಗೆ ಹಿಡಿಸಿದ್ದು ರೋಗನಿದಾನ. ಕಾರುಗಳೆಲ್ಲವೂ ಒಂದೇ ಎಂದು ಅವರು ಎಣಿಸಲಿಲ್ಲ. ಊರನ್ನು ಹಾದು ಬೇರೆಲ್ಲಿಗೋ ಹೋಗುವ ಕಾರು, ನಿಲ್ಲಲು ಜಾಗ ಹುಡುಕುತ್ತ ಸುತ್ತುವ ಕಾರು, ನಿಜಕ್ಕೂ ಅಲ್ಲಿ ಕೆಲಸವಿರುವ ಕಾರು ಎಂದು ವಿಂಗಡಿಸಿದರು. ಮೊದಲ ಎರಡನ್ನು ತಡೆದರು, ಮೂರನೆಯದನ್ನು ಉಳಿಸಿಕೊಂಡರು. ನಿವಾಸಿಗಳ ಗ್ಯಾರೇಜು, ಸರಕು ಇಳಿಸುವಿಕೆ, ಅಂಗವಿಕಲರ ಓಡಾಟ ಇವಕ್ಕೆ ಅಡ್ಡಿಯಿಲ್ಲ. ಬೀದಿಬದಿಯ ಪಾರ್ಕಿಂಗ್ ತೆಗೆದು, ಊರಂಚಿನಲ್ಲಿ ಉಚಿತ ನಿಲುಗಡೆ ಒದಗಿಸಿದರು. ಜಾಗ ಹುಡುಕುವ ಅಲೆದಾಟ ನಿಂತರೆ ಹೊಗೆಯ ದೊಡ್ಡ ಪಾಲೂ ನಿಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 70ರಷ್ಟು ಇಳಿಯಿತೆಂಬುದು ನಗರಾಡಳಿತದ ಲೆಕ್ಕ. ಅದು ಅವರದೇ ಲೆಕ್ಕವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

2010ರಲ್ಲಿ ಊರಿಗೆಲ್ಲ ಗಂಟೆಗೆ 30 ಕಿ.ಮೀ. ವೇಗದ ಮಿತಿ ಬಂತು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 50 ಕಿ.ಮೀ. ವೇಗದ ಕಾರಿನಲ್ಲಿ 30 ಕಿ.ಮೀ. ವೇಗದ್ದಕ್ಕಿಂತ ಸುಮಾರು 2.8 ಪಟ್ಟು ಹೆಚ್ಚು ಶಕ್ತಿಯಿರುತ್ತದೆ. ಮೂಳೆ, ಯಕೃತ್ತು, ಮಿದುಳು ತಾಳಬೇಕಾದ ಪೆಟ್ಟಿನ ವ್ಯತ್ಯಾಸ ಇದೇ.

ವಿದ್ಯುತ್ ಕಾರು ಬಂದರೆ ಸಾಲದೇ ಎಂಬ ಪ್ರಶ್ನೆ ಸಹಜ. ಅದರಿಂದ ಹೊಗೆಕೊಳವೆ ಹೋಗುತ್ತದೆ, ಒಳ್ಳೆಯದೇ. ಆದರೆ ಅದು ಆಕ್ರಮಿಸುವ ಜಾಗ ಅಷ್ಟೇ, ಟೈರು ಸವೆದು ಏಳುವ ಧೂಳೂ ತಪ್ಪದು. ಒಳಗೆ ಕೂತವರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೂ ಅದರಿಂದ ಪರಿಹಾರವಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ವೈದ್ಯರು ಚೀಟಿಯಲ್ಲಿ ‘ನಡೆಯಿರಿ’ ಎಂದು ಬರೆಯುತ್ತೇವೆ. ರೋಗಿ ಹೊರಗೆ ಕಾಲಿಟ್ಟರೆ ಪಾದಚಾರಿ ಮಾರ್ಗವೇ ಇರುವುದಿಲ್ಲ.

ಪೊಂಟೆವೆದ್ರಾ ಚಿಕ್ಕ, ಒತ್ತಾಗಿ ಕಟ್ಟಿದ ಊರು ಎಂಬುದನ್ನು ಮರೆಯಬಾರದು. ಮೂವತ್ತು ಕಿ.ಮೀ. ದೂರದಿಂದ ಕೆಲಸಕ್ಕೆ ಬರುವವರ ಮಹಾನಗರಕ್ಕೆ ಬಸ್ಸು, ರೈಲು ಮೊದಲು ಬೇಕು. ಆದರೆ ಅಲ್ಲಿಯೂ ಬಸ್ಸಿನಿಂದ ಇಳಿದವರು ಉಳಿದ ಹಾದಿಯನ್ನು ನಡೆದೇ ಮುಗಿಸಬೇಕಾಗುತ್ತದೆ.

ಮೆಟ್ರೋ ಇಲ್ಲದ ಈ ಊರಿಗೊಂದು ಮೆಟ್ರೋ ನಕ್ಷೆಯಿದೆ. ‘ಮೆಟ್ರೊಮಿನುಟೊ’ ಎಂಬ ಈ ನಕ್ಷೆಯಲ್ಲಿ ನಿಲ್ದಾಣಗಳ ಜಾಗದಲ್ಲಿ ಚೌಕ, ಮಾರುಕಟ್ಟೆಗಳಿವೆ; ಬಣ್ಣದ ಗೆರೆಗಳ ಮೇಲೆ, ನಡೆದು ಹೋಗಲು ಹಿಡಿಯುವ ನಿಮಿಷಗಳಿವೆ. ಯುರೋಪಿನ ಬೇರೆ ಊರುಗಳೂ ಇದನ್ನು ಅನುಕರಿಸಿವೆ.