ಪ್ರೊಟೆಸ್ಟೆಂಟ್ ಪಾದ್ರಿಗಳ ಕ್ಯಾಥೊಲಿಕ್ ಮತಾಂತರ

ರೋಮಿನ ಪೋಪರಿಂದ ಬೇರೆಯಾದ ಪ್ರೊಟೆಸ್ಟೆಂಟ್ ಸಭೆಗಳ ಪಾದ್ರಿಗಳು 16 ಮತ್ತು 17ನೇ ಶತಮಾನಗಳಲ್ಲಿ ಕ್ಯಾಥೊಲಿಕ್ ಸಭೆಗೆ ಸೇರಿದ ಘಟನೆಗಳ ಇತಿಹಾಸ. ಇದನ್ನು ಬರೀ ನಂಬಿಕೆಯ ಬದಲಾವಣೆಯೆಂದು ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ 1559ರ ಕಾಯಿದೆಯಂತೆ ಪ್ರತಿ ಪಾದ್ರಿಯೂ ಸಭೆಯ ವಿಚಾರದಲ್ಲಿ ರಾಣಿಯೇ ಮೇಲೆಂದು ಪ್ರಮಾಣ ಮಾಡಬೇಕಿತ್ತು. ಮತ ಬಿಟ್ಟವನು ಪ್ರಮಾಣವನ್ನೂ ಮುರಿದಂತಾಗಿ, ಅವನ ಜೀವನೋಪಾಯ ಹೋಗುತ್ತಿತ್ತು. 1581ರಲ್ಲಿ ರೋಮಿನ ಸಭೆಗೆ ಸೇರಿಸುವುದೂ ಸೇರುವುದೂ ರಾಜದ್ರೋಹವೆನಿಸಿತು.

ಹೆಚ್ಚು ಪ್ರಸಿದ್ಧನಾದವನು ಎಡ್ಮಂಡ್ ಕ್ಯಾಂಪಿಯನ್. ಆಕ್ಸ್‌ಫರ್ಡಿನ ಮಾತುಗಾರ, 1566ರಲ್ಲಿ ವಿಶ್ವವಿದ್ಯಾಲಯಕ್ಕೆ ಬಂದ ಎಲಿಜಬೆತ್ ರಾಣಿಯ ಮುಂದೆ ವಾದ ಮಂಡಿಸಿ ಮೆಚ್ಚುಗೆ ಗಳಿಸಿದ್ದ. ಆ ದಶಕದ ಕೊನೆಗೆ ಆಂಗ್ಲಿಕನ್ ಡೀಕನ್ ದೀಕ್ಷೆ ಪಡೆದ. ಆ ದೀಕ್ಷೆಯೇ ಅವನ ಮನಸ್ಸನ್ನು ಕೊರೆಯತೊಡಗಿತು. ಐರ್ಲೆಂಡಿಗೆ ಹೋಗಿ, 1571ರಲ್ಲಿ ಇಂಗ್ಲಿಷ್ ಕ್ಯಾಥೊಲಿಕರ ಡೂಏ ಸೆಮಿನರಿ ಸೇರಿ, 1573ರಲ್ಲಿ ಯೇಸುಸಭೆ (ಜೆಸುಯಿಟ್ ಸಂಘ) ಪ್ರವೇಶಿಸಿದ. ಆಂಗ್ಲಿಕನ್ ದೀಕ್ಷೆಗೆ ರೋಮಿನ ಮನ್ನಣೆ ಇರಲಿಲ್ಲ; 1578ರಲ್ಲಿ ಪ್ರಾಗ್‌ನಲ್ಲಿ ಗುರುದೀಕ್ಷೆ ಪಡೆದ. 1580ರಲ್ಲಿ ವೇಷ ಮರೆಸಿಕೊಂಡು ಇಂಗ್ಲೆಂಡಿಗೆ ಮರಳಿದ. ಮರುವರ್ಷ ಗುಟ್ಟಾಗಿ ಅಚ್ಚಾದ ಅವನ 'ಹತ್ತು ಕಾರಣಗಳು' ಎಂಬ ಲ್ಯಾಟಿನ್ ಪುಸ್ತಿಕೆಯ ಪ್ರತಿಗಳು ಆಕ್ಸ್‌ಫರ್ಡಿನ ಸೇಂಟ್ ಮೇರಿ ಚರ್ಚಿನ ಬೆಂಚುಗಳ ಮೇಲೆ ಬಿದ್ದಿದ್ದವು. ಸರ್ಕಾರವನ್ನು ಕೆಣಕಿದ್ದು ಬಹುಶಃ ವಾದಕ್ಕಿಂತ ಈ ದಿಟ್ಟತನ. 1581ರ ಡಿಸೆಂಬರ್ 1ರಂದು ಟೈಬರ್ನ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. 1970ರಲ್ಲಿ ಅವನಿಗೆ ಸಂತಪದವಿ ದೊರೆಯಿತು.

ಎಲ್ಲರೂ ಇಷ್ಟು ದೃಢವಾಗಿರಲಿಲ್ಲ. ಕವಿ ವಿಲಿಯಂ ಅಲಬಾಸ್ಟರ್ 1596ರಲ್ಲಿ ಎಸೆಕ್ಸ್ ಅರ್ಲನ ಪಾದ್ರಿಯಾಗಿ ಕಾಡಿಜ್ ದಂಡಯಾತ್ರೆಗೆ ಹೋಗಿದ್ದವನು, ಮರುವರ್ಷ ಕ್ಯಾಥೊಲಿಕನಾದ. ಸೆರೆಮನೆ, ತಪ್ಪಿಸಿಕೊಂಡು ರೋಮಿಗೆ ಓಟ, ಹಿಂದಿರುಗಿ ಮತ್ತೆ ಸೆರೆ. ಕೊನೆಗೆ ಅವನು ಬರೆದ ಬೈಬಲ್ ವ್ಯಾಖ್ಯಾನವನ್ನು ರೋಮಿನ ಇನ್‌ಕ್ವಿಸಿಷನ್ನೇ ಖಂಡಿಸಿತು! ಬೇಸತ್ತು ಪ್ರೊಟೆಸ್ಟೆಂಟ್ ಸಭೆಗೆ ವಾಪಸಾಗಿ ಜೇಮ್ಸ್ ದೊರೆಯ ಪಾದ್ರಿಯಾದ. ಅದೇ ದೊರೆಯ ಮತ್ತೊಬ್ಬ ಪಾದ್ರಿ ಬೆಂಜಮಿನ್ ಕ್ಯಾರಿಯರ್ ಎದುರು ದಾರಿ ಹಿಡಿದು 1613ರಲ್ಲಿ ಕ್ಯಾಥೊಲಿಕನಾಗಿ, ಮರುವರ್ಷ ತೀರಿಕೊಂಡ. ಲೇಲಿನ್ ಕ್ಯಾಥೆಡ್ರಲ್ಲಿನ ಡೀನ್ ಹ್ಯೂ ಕ್ರೆಸ್ಸಿ 1646ರಲ್ಲಿ ರೋಮಿನಲ್ಲಿ ಮತ ಬದಲಿಸಿ ಬೆನೆಡಿಕ್ಟೈನ್ ಸನ್ಯಾಸಿಯಾದ. ನಾರ್ವಿಚ್‌ನ ಜೂಲಿಯನ್ ಎಂಬ ಮಧ್ಯಯುಗದ ತಪಸ್ವಿನಿಯ ದರ್ಶನಗಳನ್ನು 1670ರಲ್ಲಿ ಮೊದಲು ಅಚ್ಚು ಹಾಕಿಸಿದವನು ಇವನೇ.

ಜರ್ಮನಿಯಲ್ಲಿ ಗೇಯೋರ್ಗ್ ವಿಟ್ಸೆಲ್ ಮೂಲತಃ ಕ್ಯಾಥೊಲಿಕ್ ದೀಕ್ಷೆ ಪಡೆದು, ಲೂಥರನ ಕಡೆಗೆ ಹೋಗಿ ಮದುವೆಯಾಗಿ, 1531ರಲ್ಲಿ ಪಾದ್ರಿ ಹುದ್ದೆ ಬಿಟ್ಟು ಹಳೆಯ ಸಭೆಗೆ ಮರಳಿದ. ಸಂಸಾರಸ್ಥನಾದ ಗುರುವಿಗೆ ಅಲ್ಲಿ ಸಲೀಸಾದ ಜಾಗ ಇರಲಿಲ್ಲ. ಎರಡೂ ಸಭೆಗಳನ್ನು ಒಂದುಗೂಡಿಸುವ ಬರವಣಿಗೆಯಲ್ಲೇ ಅವನ ಉಳಿದ ಬಾಳು ಕಳೆಯಿತು. ಫ್ರಾನ್ಸಿನಲ್ಲಿ ನಾಲ್ಕನೆಯ ಹೆನ್ರಿ 1593ರಲ್ಲಿ ಕ್ಯಾಥೊಲಿಕನಾದ ಮೇಲೆ, ಅವನ ತಂಗಿಯ ಪಾದ್ರಿಯಾಗಿದ್ದ ಪಾಲ್ಮಾ ಕಯೇ 1595ರಲ್ಲಿ ಹಿಂಬಾಲಿಸಿದ.

ಈ ಕಲಹದ ಒಂದು ಎಳೆ ಕನ್ನಡ ಕರಾವಳಿಗೂ ಮುಟ್ಟಿತು. ಥಾಮಸ್ ಸ್ಟೀಫನ್ಸ್ ಪಾದ್ರಿಯಾಗಿದ್ದು ಮತ ಬದಲಿಸಿದವನಲ್ಲ; ಆದರೆ ಕ್ಯಾಂಪಿಯನ್ ಪೀಳಿಗೆಯ ಇಂಗ್ಲಿಷ್ ಕ್ಯಾಥೊಲಿಕನೇ. 1575ರಲ್ಲಿ ರೋಮಿನಲ್ಲಿ ಯೇಸುಸಭೆ ಸೇರಿ, 1579ರ ಅಕ್ಟೋಬರಿನಲ್ಲಿ ಗೋವೆಗೆ ಬಂದಿಳಿದ. ಅವನ ಮರಾಠಿ 'ಕ್ರಿಸ್ತಪುರಾಣ' 1616ರಲ್ಲಿ ರಾಯತೂರಿನಲ್ಲಿ ಅಚ್ಚಾಯಿತು. ಮಂಗಳೂರಿನ ಕೊಂಕಣಿ ಕ್ರೈಸ್ತರು ಅದರ ಕೈಬರಹಗಳನ್ನು ಕಾಪಿಟ್ಟಿದ್ದರಿಂದ 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಅದನ್ನು ಅಲ್ಲಿಯೇ ಪ್ರಕಟಿಸುವುದು ಸಾಧ್ಯವಾಯಿತು.

ಕರಾವಳಿ ಬಿಟ್ಟು ಒಳನಾಡಿಗೆ ಬಂದರೆ, ಅನಂತಪುರದ ಕಡೆಯ ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ ಆ ಕಾಲಕ್ಕೆ ಇಂಥ ಮತಾಂತರಕ್ಕೆ ಆಸ್ಪದವೇ ಇರಲಿಲ್ಲ, ಏಕೆಂದರೆ ಅಲ್ಲಿಗೆ ಮೊದಲು ಬಂದವರು ಕ್ಯಾಥೊಲಿಕರು. ಪುದುಚೇರಿಯಿಂದ ಹೊರಟ ಫ್ರೆಂಚ್ ಯೇಸುಸಭೆಯವರು 18ನೇ ಶತಮಾನದ ಆರಂಭದಲ್ಲಿ ಆ ಸೀಮೆಯ ಕೃಷ್ಣಾಪುರದಲ್ಲಿ ನೆಲೆ ಮಾಡಿಕೊಂಡರು. ಸನ್ಯಾಸಿಗಳ ಉಡುಗೆ, ಮಾಂಸವಿಲ್ಲದ ಊಟ ಅವರ ರೀತಿ. 1706ರಲ್ಲಿ ಲೂಥರನ್ ಪಾದ್ರಿಗಳು ತರಂಗಂಬಾಡಿಗೆ ಬಂದಾಗ ಸಭೆಗಳ ಜಗಳ ತಮಿಳು ನಾಡಿನಲ್ಲಿ ಪುಸ್ತಕ ಯುದ್ಧವಾಯಿತು. ಯೇಸುಸಭೆಯ ಬೆಸ್ಕಿ ಲೂಥರನ್ನರ ವಿರುದ್ಧ ತಮಿಳಿನಲ್ಲಿಯೇ ಬರೆದ. 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದು ಮಾಡಿದರು. ಪ್ರೊಟೆಸ್ಟೆಂಟರ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲ್ಲಿನ ಕನ್ನಡ ಅನುವಾದಕ್ಕೆ ಕೈಹಾಕಿದ್ದು 1810ರ ನಂತರದ ಮಾತು. ಅನಂತಪುರ ಆಗ ಬಳ್ಳಾರಿ ಜಿಲ್ಲೆಯೊಳಗೇ ಇದ್ದು, 1882ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು.